ತಾತ್ಪರ್ಯ ನಿರ್ಣಯ

ಓದು ಎಂಬುದು ಅಕ್ಷರಗಳನ್ನು ಗುರುತಿಸುವುದರಿಂದ ಆರಂಭವಾಗುತ್ತದೆ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಪದಗಳ ಅರ್ಥ ತಿಳಿಯಬೇಕು, ವಾಕ್ಯಗಳ ಅನ್ವಯ ತಿಳಿಯಬೇಕು. ಕೊನೆಗೆ, ಬರೆದವನು ಇಷ್ಟೆಲ್ಲವನ್ನೂ ಯಾವುದನ್ನು ಸ್ಥಾಪಿಸುವುದಕ್ಕಾಗಿ ಹೇಳಿದನು ಎಂಬುದು ತಿಳಿಯಬೇಕು. ಆಗಲೇ ಓದು ಪೂರ್ಣವಾಯಿತೆನ್ನಬಹುದು.

ಪ್ರೌಢಶಾಲೆಯ ವಿದ್ಯಾರ್ಥಿಗಳು ಗದ್ಯಪಾಠಗಳ ಸಾರಾಂಶವನ್ನೂ ಪದ್ಯಗಳ ಭಾವಾರ್ಥವನ್ನೂ ಬರೆಯುತ್ತಾರೆ. ಕಾಲೇಜಿಗೆ ಹೋದ ಮೇಲೆ ಅವರ ಮುಂದೆ ಬರುವ ಪ್ರಶ್ನೆ ಬೇರೆ ಬಗೆಯದು. 'ಈ ಲೇಖನದ ಮುಖ್ಯ ಪ್ರತಿಪಾದನೆ ಯಾವುದು? ಲೇಖಕನು ಅದನ್ನು ಹೇಗೆ ಸಮರ್ಥಿಸಿದ್ದಾನೆ? ವಿಮರ್ಶಿಸಿರಿ' ಎಂದು ಅಲ್ಲಿ ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ಬರೆಯುವ ಪ್ರಬಂಧವು ಸಾರಾಂಶವಲ್ಲ. ಬರಿಯ ಅಭಿಪ್ರಾಯವೂ ಅಲ್ಲ. ಅದಕ್ಕೆ ತನ್ನದೇ ಆದ ಕ್ರಮವಿದೆ. ಆ ಕ್ರಮವನ್ನು ಈಗಲೇ ತಿಳಿದುಕೊಂಡಿದ್ದರೆ ಮುಂದಿನ ವ್ಯಾಸಂಗಕ್ಕೆ ಅನುಕೂಲವಾಗುತ್ತದೆ. ಅಷ್ಟೇ ಅಲ್ಲ, ಕಾಲೇಜಿಗೆ ಹೋಗದೆ ಉಳಿಯುವವರಿಗೂ ಅದು ಬದುಕಿನಲ್ಲಿ ಬೇಕಾಗುತ್ತದೆ.

ಮೊದಲನೆಯದಾಗಿ, ಬರಹದ ವಿಷಯವೂ ಅದರ ಪ್ರತಿಪಾದನೆಯೂ ಬೇರೆ ಬೇರೆ ಎಂಬುದನ್ನು ಮನಗಾಣಬೇಕು. ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ನಂದಿಕೂರು ಉಡುಪಿ ಜಿಲ್ಲೆಯ ಒಂದು ಗ್ರಾಮ. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೀಗಿದ್ದರೂ ಬೇಸಗೆಯಲ್ಲಿ ಇಲ್ಲಿನ ಅನೇಕ ಬಾವಿಗಳು ಬತ್ತುತ್ತವೆ. ಇದನ್ನು ಕುರಿತು ಒಬ್ಬರು ಲೇಖನ ಬರೆದಿದ್ದಾರೆಂದು ಭಾವಿಸಬಹುದು. 'ಈ ಲೇಖನ ಯಾವುದನ್ನು ಕುರಿತದ್ದು?' ಎಂದು ಕೇಳಿದರೆ 'ನೀರಿನ ಅಭಾವವನ್ನು ಕುರಿತದ್ದು' ಎಂದು ಉತ್ತರ ಬರುತ್ತದೆ. ಅದು ವಿಷಯ. 'ನೀರಿನ ಅಭಾವದ ಬಗೆಗೆ ಲೇಖಕನು ಏನೆನ್ನುತ್ತಾನೆ?' ಎಂದು ಕೇಳಿದರೆ, 'ಅಭಾವಕ್ಕೆ ಕಾರಣ ಮಳೆಯ ಕೊರತೆಯಲ್ಲ. ಮದಗಗಳಲ್ಲಿ ಹೂಳು ತುಂಬಿದುದೂ, ತೋಡುಗಳಿಗೆ ಕಟ್ಟ ಕಟ್ಟುವ ಹಳೆಯ ಪದ್ಧತಿ ಕೈಬಿಟ್ಟುಹೋದುದೂ ಕಾರಣ' ಎಂದು ಉತ್ತರ ಬರುತ್ತದೆ. ಇದು ಪ್ರತಿಪಾದನೆ.

ವಿಷಯವನ್ನು ಒಂದೆರಡು ಪದಗಳಲ್ಲಿ ಹೇಳಿಬಿಡಬಹುದು. ಪ್ರತಿಪಾದನೆಯನ್ನು ಹೇಳಲು ಪೂರ್ಣವಾಕ್ಯವೇ ಬೇಕು. ಅಲ್ಲದೆ, ವಿಚಾರವಂತನಾದ ಒಬ್ಬನು 'ಹಾಗಲ್ಲ' ಎಂದು ಎದುರು ಹೇಳಲು ಅದರಲ್ಲಿ ಎಡೆಯಿರಬೇಕು. 'ನೀರು ಜೀವಿಗಳಿಗೆ ಅಗತ್ಯ' ಎಂಬ ಮಾತನ್ನು ಅಲ್ಲಗಳೆಯುವವರಿಲ್ಲ. ಆದುದರಿಂದ ಅದು ಇಂತಹ ಲೇಖನದ ಪ್ರತಿಪಾದನೆಯಾಗಲಾರದು. ಮದಗ ಮತ್ತು ಕಟ್ಟಗಳ ಮಾತಾದರೋ ಹಾಗಲ್ಲ. 'ಕೊಳವೆಬಾವಿಗಳು ಹೆಚ್ಚಿದುದೇ ಮುಖ್ಯ ಕಾರಣ' ಎಂದು ಮತ್ತೊಬ್ಬರು ವಾದಿಸಬಹುದು. ಎಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆಯೋ ಅಲ್ಲಿ ಮಾತ್ರ ಸಮರ್ಥನೆಯ ಅಗತ್ಯವಿರುತ್ತದೆ.

ಹಾಗಾದರೆ ಒಂದು ಬರಹದ ಪ್ರತಿಪಾದನೆ ಇಂತಹುದೇ ಎಂದು ನಿಶ್ಚಯಿಸುವುದು ಹೇಗೆ? ಭಾರತೀಯ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡಿದ್ದರು. ವೇದ ಮತ್ತು ಉಪನಿಷತ್ತುಗಳ ವಾಕ್ಯಗಳಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳತೊಡಗಿದಾಗ, ಗ್ರಂಥದ ನಿಜವಾದ ತಾತ್ಪರ್ಯವನ್ನು ಗೊತ್ತುಮಾಡಲು ಅವರು ಆರು ಗುರುತುಗಳನ್ನು ಹೇಳಿದರು. ಇವುಗಳಿಗೆ ತಾತ್ಪರ್ಯಲಿಂಗಗಳೆಂದು ಹೆಸರು. ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ, 13ನೆಯ ಶತಮಾನದ ಮಧ್ವಾಚಾರ್ಯರ ಪರಂಪರೆಯಲ್ಲಿ ಇವುಗಳಿಗೆ ಬಹಳ ಮನ್ನಣೆಯಿದೆ. ಅದ್ವೈತಿಗಳೂ ಇವನ್ನು ಒಪ್ಪುತ್ತಾರೆ. ಸಿದ್ಧಾಂತದಲ್ಲಿ ಎದುರುಬದುರಾದವರು ಓದುವ ಕ್ರಮದಲ್ಲಿ ಮಾತ್ರ ಒಂದೇ ಅಳತೆಗೋಲನ್ನು ಹಿಡಿದರೆಂಬುದು ಗಮನಿಸತಕ್ಕ ಸಂಗತಿ.

ಆ ಆರು ಗುರುತುಗಳು ಇಂದಿನ ಲೇಖನಗಳಿಗೂ ಸಲ್ಲುತ್ತವೆ. ಮೊದಲನೆಯದು ಉಪಕ್ರಮ ಮತ್ತು ಉಪಸಂಹಾರ, ಎಂದರೆ ಆರಂಭ ಮತ್ತು ಮುಕ್ತಾಯಗಳ ಹೊಂದಿಕೆ. ಮೇಲೆ ಹೇಳಿದ ಲೇಖನವು ಮಳೆ ಸಾಕಷ್ಟಿದ್ದೂ ಬಾವಿ ಬತ್ತುವುದೇಕೆ ಎಂಬ ಪ್ರಶ್ನೆಯಿಂದ ತೊಡಗಿ, ಮದಗಗಳ ಹೂಳೆತ್ತಬೇಕೆಂಬ ಮಾತಿನಿಂದ ಮುಗಿದರೆ, ತಾತ್ಪರ್ಯವು ಈ ಎರಡು ತುದಿಗಳ ನಡುವೆಯೇ ಇರುತ್ತದೆ. ಎರಡನೆಯದು ಅಭ್ಯಾಸ, ಲೇಖಕನು ಯಾವ ಮಾತಿಗೆ ಮತ್ತೆ ಮತ್ತೆ ಹಿಂದಿರುಗುತ್ತಾನೆಂಬುದು. ಮೂರನೆಯದು ಅಪೂರ್ವತೆ, ಬೇರೆ ಕಡೆಯಿಂದ ಓದುಗನಿಗೆ ತಿಳಿದಿರದ, ಈ ಬರಹವೇ ಹೇಳಬೇಕಾಗಿದ್ದ ಹೊಸ ಸಂಗತಿ. ಮಳೆ ಹೆಚ್ಚೆಂಬುದು ಎಲ್ಲರಿಗೂ ಗೊತ್ತು; ಕಟ್ಟಗಳಿಗೂ ಬಾವಿಯ ನೀರಿಗೂ ಇರುವ ಸಂಬಂಧ ಎಲ್ಲರಿಗೂ ಗೊತ್ತಿರಲಾರದು. ನಾಲ್ಕನೆಯದು ಫಲ, ಬರಹದ ಮಾತನ್ನು ಒಪ್ಪಿದರೆ ಆಗುವ ಪ್ರಯೋಜನ. ಐದನೆಯದು ಅರ್ಥವಾದ, ಹೊಗಳಿಕೆ ಮತ್ತು ತೆಗಳಿಕೆಯ ಮಾತುಗಳು. ಹಿಂದಿನ ಕಾಲದ ಬೇಸಾಯಗಾರರ ಒಗ್ಗಟ್ಟನ್ನು ಲೇಖಕನು ಕೊಂಡಾಡಿದ್ದರೆ, ಆ ಪ್ರಶಂಸೆಯೇ ಅವನ ಸಿದ್ಧಾಂತವಲ್ಲ. ಅದು ಸಿದ್ಧಾಂತದ ಕಡೆಗೆ ಬೆರಳು ತೋರಿಸುತ್ತದೆ ಅಷ್ಟೆ. ಆರನೆಯದು ಉಪಪತ್ತಿ, ಸಿದ್ಧಾಂತವನ್ನು ಎತ್ತಿಹಿಡಿಯುವ ಯುಕ್ತಿಗಳು ಮತ್ತು ಆಧಾರಗಳು.

ಈ ಆರರಲ್ಲಿ ಯಾವುದೋ ಒಂದನ್ನು ಮಾತ್ರ ಹಿಡಿದವರು ದಾರಿ ತಪ್ಪಬಹುದು. ಕಣ್ಣಿಗೆ ಬಿದ್ದ ಒಂದು ಸುಂದರ ವಾಕ್ಯವನ್ನೇ ಲೇಖನದ ತಿರುಳೆಂದು ಭಾವಿಸುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ದೋಷ. ಆ ವಾಕ್ಯವು ಅರ್ಥವಾದವಾಗಿರಬಹುದು. ಅಥವಾ ಖಂಡಿಸುವುದಕ್ಕಾಗಿ ಲೇಖಕನೇ ಎತ್ತಿ ಹೇಳಿದ ಎದುರುಪಕ್ಷದ ಮಾತಾಗಿರಬಹುದು. ಎದುರುಪಕ್ಷದ ಇಂತಹ ಮಾತನ್ನು ಶಾಸ್ತ್ರಗಳಲ್ಲಿ ಪೂರ್ವಪಕ್ಷವೆನ್ನುತ್ತಾರೆ. ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ತಿಳಿದರೆ, ಬರೆದವನು ಹೇಳಿದುದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಅವನ ತಲೆಗೆ ಕಟ್ಟಿದಂತಾಗುತ್ತದೆ.

ಪೂರ್ವಪಕ್ಷದ ಪದ್ಧತಿಯಲ್ಲಿ ಇನ್ನೊಂದು ಹಿರಿಮೆಯೂ ಉಂಟು. ಎದುರಾಳಿಯ ಮತವನ್ನು ಖಂಡಿಸಹೊರಟವನು ಮೊದಲು ಅದನ್ನು ಯಥಾವತ್ತಾಗಿ, ಅದರ ಪೂರ್ಣ ಬಲದೊಡನೆ ನಿರೂಪಿಸಬೇಕು. ವಿಜಯನಗರದ ಕಾಲದ ವ್ಯಾಸತೀರ್ಥರು ಅದ್ವೈತವನ್ನು ಖಂಡಿಸಿ 'ನ್ಯಾಯಾಮೃತ'ವನ್ನು ರಚಿಸಿದರು. ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ' ಎಂಬ ಗ್ರಂಥದಲ್ಲಿ ಅದಕ್ಕೆ ಉತ್ತರವಿತ್ತರು. ಆ ಉತ್ತರವು ನ್ಯಾಯಾಮೃತದ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಮುಂದುವರಿಯುತ್ತದೆ. ಎದುರಾಳಿಯ ಗ್ರಂಥವನ್ನು ಅಷ್ಟು ಶ್ರದ್ಧೆಯಿಂದ ಓದದೆ ಅಂತಹ ಉತ್ತರವನ್ನು ಬರೆಯಲು ಸಾಧ್ಯವಿರಲಿಲ್ಲ.

ಪ್ರತಿಪಾದನೆಯನ್ನು ಗುರುತಿಸಿದ ಮೇಲೆ ಅದನ್ನು ತೂಗಿ ನೋಡುವ ಕೆಲಸ ಬರುತ್ತದೆ. ಇದಕ್ಕೆ ಕರಾವಳಿಯ ಚರಿತ್ರೆಗೆ ಸಂಬಂಧಿಸಿದ ಒಂದು ಪ್ರಸಿದ್ಧ ಚರ್ಚೆಯೇ ಒಳ್ಳೆಯ ನಿದರ್ಶನ. ಈಜಿಪ್ಟ್ ದೇಶದ ಆಕ್ಸಿರಿಂಕಸ್ ಎಂಬ ಪುರಾತನ ಊರಿನ ಕಸದ ದಿಬ್ಬಗಳನ್ನು ಅಗೆದಾಗ ಪಪೈರಸ್ ಹಾಳೆಗಳು ಬಹುಸಂಖ್ಯೆಯಲ್ಲಿ ದೊರೆತವು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರು 1903ರಲ್ಲಿ ಅವುಗಳಲ್ಲಿ ಒಂದು ಗ್ರೀಕ್ ಪ್ರಹಸನವನ್ನು ಪ್ರಕಟಿಸಿದರು. ಆ ಹಸ್ತಪ್ರತಿಯು ಕ್ರಿ.ಶ. 2ನೆಯ ಶತಮಾನದ್ದೆಂದು ಹೇಳುತ್ತಾರೆ. ಭಾರತದ ಕಡಲತೀರದ ಅರಸನೊಬ್ಬನ ವಶದಲ್ಲಿದ್ದ ಕಾರಿಟಿಯನ್ ಎಂಬ ಗ್ರೀಕ್ ಕನ್ಯೆಯನ್ನು ಅವಳ ಸೋದರನು ಹಡಗಿನೊಡನೆ ಬಂದು ಬಿಡಿಸಿಕೊಂಡು ಹೋಗುವುದು ಅದರ ಕಥೆ. ಅರಸನಿಗೂ ಅವನ ಪರಿವಾರಕ್ಕೂ ಮದ್ಯವನ್ನು ಕುಡಿಸಿ, ಅವರು ಮೈಮರೆತಾಗ ಗ್ರೀಕರು ಪಾರಾಗುತ್ತಾರೆ. ಅರಸನೂ ಅವನ ಜನರೂ ಆಡುವ ಕೆಲವು ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಭಾಷೆಯವಲ್ಲ. ಅವು ಯಾವ ಭಾಷೆಯವು?

ದಕ್ಷಿಣ ಭಾರತದ ಶಾಸನಗಳನ್ನು ಸಂಪಾದಿಸಿದ ಜರ್ಮನ್ ವಿದ್ವಾಂಸ ಹುಲ್ಷ್ ಅವರು ಆ ಮಾತುಗಳಲ್ಲಿ ಕನ್ನಡವಿದೆಯೆಂದು 1904ರಲ್ಲಿ ಪ್ರತಿಪಾದಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ದಾರಿಯಲ್ಲಿ ಮುಂದುವರಿದು ಇನ್ನಷ್ಟು ಭಾಗವನ್ನು ಕನ್ನಡವೆಂದು ಓದಿದರು. ಮಂಜೇಶ್ವರದ ಗೋವಿಂದ ಪೈಗಳೂ ಈ ಪ್ರಶ್ನೆಯನ್ನು ಎತ್ತಿಕೊಂಡರು. ನಾಟಕದಲ್ಲಿ ಬರುವ ತೀರವು ಉಡುಪಿಯ ಮಲ್ಪೆಯೇ ಇರಬಹುದೆಂದು ಸೂಚಿಸಿದವರೂ ಉಂಟು. ಇತ್ತ 1926ರಲ್ಲಿ ಬಾರ್ನೆಟ್ ಎಂಬ ಆಂಗ್ಲ ವಿದ್ವಾಂಸರು ಅದು ಕನ್ನಡವೆಂಬ ವಾದವನ್ನು ಅಲ್ಲಗಳೆದು ಬರೆದರು. ಆ ಮಾತುಗಳು ತುಳು ಭಾಷೆಯವೆಂಬ ಮತವೂ ಅನಂತರ ಬಂದಿತು.

ಈ ಚರ್ಚೆಯ ಒಂದು ಲೇಖನವನ್ನು ಕಾಲೇಜು ವಿದ್ಯಾರ್ಥಿಯ ಕೈಗಿತ್ತು ಪ್ರಬಂಧ ಬರೆಯಲು ಹೇಳಿದರೆ, ಕನ್ನಡ ಬಲ್ಲವರ ಮನಸ್ಸು ಮೊದಲೇ ಒಂದು ಕಡೆಗೆ ವಾಲುವುದು ಸಹಜ. ಸಾವಿರದ ಎಂಟುನೂರು ವರ್ಷಗಳ ಹಿಂದೆ ಕನ್ನಡವು ಈಜಿಪ್ಟಿನ ರಂಗಭೂಮಿಯಲ್ಲಿ ಕೇಳಿಬಂದಿತೆಂದರೆ ಯಾರಿಗೆ ತಾನೆ ಹೆಮ್ಮೆಯಾಗದು! ಆದರೆ ಹೆಮ್ಮೆಯು ಆಧಾರವಲ್ಲ. ಆದುದರಿಂದ ವಿದ್ಯಾರ್ಥಿಯು ಕ್ರಮವಾಗಿ ಮುಂದುವರಿಯಬೇಕು.

ಮೊದಲ ಹೆಜ್ಜೆ, ಪ್ರತಿಪಾದನೆಯನ್ನು ತನ್ನ ಮಾತಿನಲ್ಲಿ, ಲೇಖಕನ ಹೆಸರಿನೊಡನೆ ನಿರೂಪಿಸುವುದು. 'ಗ್ರೀಕ್ ಪ್ರಹಸನದಲ್ಲಿ ಅರಸನ ಕಡೆಯವರು ಆಡುವ ಅನ್ಯಭಾಷೆಯ ಮಾತುಗಳು ಅರ್ಥವಿಲ್ಲದ ಧ್ವನಿಗಳಲ್ಲ, ಅವುಗಳಲ್ಲಿ ಕನ್ನಡವಿದೆ ಎಂಬುದು ಹುಲ್ಷ್ ಅವರ ಪ್ರತಿಪಾದನೆ' ಎಂಬ ಒಂದು ವಾಕ್ಯದಿಂದ ಪ್ರಬಂಧವು ಸರಿಯಾಗಿ ಆರಂಭವಾಗುತ್ತದೆ. ಇದರಲ್ಲಿ ಹೊಗಳಿಕೆಯಿಲ್ಲ, ಆಕ್ಷೇಪವೂ ಇಲ್ಲ. ಲೇಖಕರೇ ಇದನ್ನು ಓದಿದರೂ 'ನಾನು ಹೇಳಿದುದು ಇದನ್ನೇ' ಎಂದು ಒಪ್ಪುವಂತಿರಬೇಕು.

ಎರಡನೆಯ ಹೆಜ್ಜೆ, ಉಪಪತ್ತಿಗಳನ್ನು ಎತ್ತಿ ತೋರಿಸುವುದು. ಆ ಮಾತುಗಳಲ್ಲಿ 'ಕೊಂಚ', 'ಮಧು', 'ಪಾತ್ರ' ಎಂಬಂತಹ ಪದಗಳನ್ನು ಓದಿಕೊಳ್ಳಬಹುದೆಂಬುದು ಕನ್ನಡಪಕ್ಷದ ಒಂದು ಆಧಾರ. ಅಲ್ಲಿ ನಡೆಯುತ್ತಿರುವುದು ಮದ್ಯಪಾನದ ಪ್ರಸಂಗವಾದುದರಿಂದ ಈ ಅರ್ಥವು ಸಂದರ್ಭಕ್ಕೆ ಹೊಂದುತ್ತದೆಂಬುದು ಇನ್ನೊಂದು. ಆ ಕಾಲದಲ್ಲಿ ಪಶ್ಚಿಮ ಕರಾವಳಿಗೂ ಈಜಿಪ್ಟಿಗೂ ಕಡಲ ವ್ಯಾಪಾರವಿತ್ತೆಂಬುದು ಮತ್ತೊಂದು. ಇವನ್ನು ಹೇಳುವಾಗ ಕಥೆಯನ್ನೆಲ್ಲ ಪುನಃ ಹೇಳಬೇಕಾಗಿಲ್ಲ. ವಾದಕ್ಕೆ ಎಷ್ಟು ಬೇಕೋ ಅಷ್ಟು ಸಾಕು.

ಮೂರನೆಯ ಹೆಜ್ಜೆ, ಬಾಯಿಬಿಟ್ಟು ಹೇಳದಿದ್ದರೂ ವಾದವು ಯಾವ ನಂಬಿಕೆಯ ಮೇಲೆ ನಿಂತಿದೆಯೆಂದು ಪರೀಕ್ಷಿಸುವುದು. ಇಂದಿನ ಕನ್ನಡದ ಪದಗಳು 2ನೆಯ ಶತಮಾನದಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಇದ್ದುವೆಂಬ ನಂಬಿಕೆ ಇಲ್ಲಿ ಅಡಗಿದೆ. ಆದರೆ ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ಭಾಷೆಯೇ ಇಂದಿನ ಓದುಗರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಹಳಗನ್ನಡದಲ್ಲಿ 'ಪಾಲ್', 'ಪಾವು' ಎಂದಿದ್ದ ಪದಗಳು ಬಹುಕಾಲದ ಮೇಲೆ 'ಹಾಲು', 'ಹಾವು' ಎಂದಾದುವೆಂಬುದನ್ನು ಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಹೀಗಿರುವಲ್ಲಿ ಆ ಪ್ರಹಸನದಲ್ಲಿ 'ಹಾಕಿ' ಎಂಬಂತಹ ರೂಪವನ್ನು ಯಾರಾದರೂ ಓದಿದರೆ, ಅಷ್ಟು ಹಿಂದೆ ಹಕಾರವು ಹೇಗೆ ಬಂದಿತೆಂಬ ಪ್ರಶ್ನೆ ಏಳುತ್ತದೆ. ಅಲ್ಲದೆ, ಅಪರಿಚಿತವಾದ ಅಕ್ಷರಸಾಲನ್ನು ಬೇಕಾದಂತೆ ಬಿಡಿಸಿದರೆ ಯಾವ ಭಾಷೆಯ ಪದವನ್ನಾದರೂ ಅಲ್ಲಿ ಕಾಣಬಹುದಲ್ಲವೆ ಎಂಬ ಸಂದೇಹವೂ ಉಳಿಯುತ್ತದೆ. ಅದೇ ಸಾಲುಗಳಲ್ಲಿ ಒಬ್ಬರು ಕನ್ನಡವನ್ನೂ ಇನ್ನೊಬ್ಬರು ತುಳುವನ್ನೂ ಕಂಡಿರುವುದು ಈ ಸಂದೇಹಕ್ಕೆ ಪುಷ್ಟಿ ಕೊಡುತ್ತದೆ.

ನಾಲ್ಕನೆಯ ಹೆಜ್ಜೆ, ತನ್ನ ನಿರ್ಣಯವನ್ನು ತಿಳಿಸುವುದು. ನಿರ್ಣಯವೆಂದರೆ ಪೂರ್ತಿ ಒಪ್ಪಬೇಕು, ಇಲ್ಲವೆ ಪೂರ್ತಿ ತಳ್ಳಿಹಾಕಬೇಕು ಎಂದಲ್ಲ. 'ಕರಾವಳಿಗೂ ಈಜಿಪ್ಟಿಗೂ ಸಂಪರ್ಕವಿದ್ದುದನ್ನು ಒಪ್ಪಬಹುದು; ಮಾತುಗಳು ದಕ್ಷಿಣ ಭಾರತದ ಭಾಷೆಯೊಂದರವು ಆಗಿರುವುದು ಅಸಂಭವವಲ್ಲ; ಆದರೆ ಅವು ಕನ್ನಡವೇ ಎಂದು ನಿಶ್ಚಯಿಸಲು ಈ ಆಧಾರಗಳು ಸಾಲವು' ಎಂದು ಒಬ್ಬ ವಿದ್ಯಾರ್ಥಿ ಬರೆಯಬಹುದು. ಸಂದರ್ಭದ ಹೊಂದಿಕೆಗೆ ಹೆಚ್ಚು ಬೆಲೆ ಕೊಟ್ಟು ಮತ್ತೊಬ್ಬರು ಬೇರೆ ನಿರ್ಣಯಕ್ಕೆ ಬರಬಹುದು. ಇಬ್ಬರ ಪ್ರಬಂಧಗಳೂ ಉತ್ತಮವಾಗಿರಬಹುದು. ಪರೀಕ್ಷಕರು ನೋಡುವುದು ನಿರ್ಣಯ ಯಾವ ಕಡೆಗಿದೆ ಎಂಬುದನ್ನಲ್ಲ. ಅದು ಆಧಾರಗಳಿಂದ ಹುಟ್ಟಿತೆ, ಅಥವಾ ಆಧಾರಗಳಿಗಿಂತ ಮೊದಲೇ ಹುಟ್ಟಿತ್ತೆ ಎಂಬುದನ್ನು.

ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಪುರಾತನ ಪ್ರಹಸನದ ಭಾಷೆ ಯಾವುದಾದರೇನು, ಅದರಿಂದ ಯಾರ ಗದ್ದೆಯೂ ಒಣಗುವುದಿಲ್ಲ. ಆದರೆ ಓದುವ ಈ ಕ್ರಮವು ಗದ್ದೆ, ಬಾವಿಗಳ ವಿಚಾರದಲ್ಲಿಯೂ ಬೇಕಾಗುತ್ತದೆ. ಇದಕ್ಕೆ ನಂದಿಕೂರಿನ ಚರಿತ್ರೆಯೇ ಸಾಕ್ಷಿ. 1990ರ ದಶಕದಲ್ಲಿ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಸಂಸ್ಥೆಯು ಈ ಗ್ರಾಮದಲ್ಲಿ ಕಲ್ಲಿದ್ದಲಿನಿಂದ 1000 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರವನ್ನು ಕಟ್ಟಲು ಉದ್ದೇಶಿಸಿತ್ತು. ರಾಜ್ಯಕ್ಕೆ ವಿದ್ಯುತ್ತು ಅತ್ಯಗತ್ಯವೆಂದು ಒಂದು ಪಕ್ಷ ಹೇಳಿತು. ಬೂದಿ, ಹೊಗೆಗಳಿಂದ ನೆಲ, ಜಲ, ಬೆಳೆಗಳು ಕೆಡುತ್ತವೆಂದು ಇನ್ನೊಂದು ಪಕ್ಷ ಹೇಳಿತು. ದೀರ್ಘಕಾಲದ ವಿವಾದದ ಬಳಿಕ 1999ರಲ್ಲಿ ಆ ಸಂಸ್ಥೆ ಹಿಂದೆ ಸರಿಯಿತು. ಮುಂದೆ ಸಮೀಪದ ಎಲ್ಲೂರಿನಲ್ಲಿ ಬೇರೊಂದು ಸಂಸ್ಥೆಯಿಂದ 1200 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ತಲೆಯೆತ್ತಿತು. ಅದರ ವಿಚಾರವಾದ ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು.

ಇಂತಹ ಯೋಜನೆಗಳಿಂದ ಪರಿಸರದ ಮೇಲಾಗುವ ಪರಿಣಾಮವನ್ನು ಅಂದಾಜು ಮಾಡಬೇಕೆಂದು ಕೇಂದ್ರ ಸರ್ಕಾರವು 1994ರಲ್ಲಿ ಅಧಿಸೂಚನೆ ಹೊರಡಿಸಿತು. 1997ರಲ್ಲಿ ಸಾರ್ವಜನಿಕರ ಅಹವಾಲನ್ನು ಆಲಿಸುವ ನಿಯಮವು ಅದಕ್ಕೆ ಸೇರಿತು. 2006ರ ಅಧಿಸೂಚನೆಯ ಪ್ರಕಾರ ವರದಿಯ ಸಂಕ್ಷಿಪ್ತ ರೂಪವನ್ನು ಪ್ರದೇಶದ ಭಾಷೆಯಲ್ಲಿಯೂ ಒದಗಿಸಬೇಕು. ಸಭೆಗೆ ಮೊದಲು ಕನಿಷ್ಠ 30 ದಿನಗಳ ಅವಕಾಶ ಕೊಡಬೇಕು. ಎಂದರೆ, ಗ್ರಾಮದ ಜನರ ಕೈಗೆ ಒಂದು ಬರಹ ಬರುತ್ತದೆ. ಅದನ್ನು ಓದಿ ಉತ್ತರ ಹೇಳಲು ಅವರಿಗೆ ಒಂದು ತಿಂಗಳ ಕಾಲವಿರುತ್ತದೆ. ಅವರ ಮುಂದಿರುವುದು ಕಾಲೇಜಿನ ಪ್ರಶ್ನೆಪತ್ರಿಕೆಯ ಪ್ರಶ್ನೆಯೇ ಆಗಿದೆ.

ಆ ಬರಹವನ್ನು ಓದದೆ ಸಭೆಗೆ ಹೋದವರು 'ಯೋಜನೆ ಬೇಕು' ಎಂದೋ 'ಬೇಡ' ಎಂದೋ ಕೂಗಿ ಹಿಂದಿರುಗಬಹುದು. ಓದಿಯೂ ತಿರುಳನ್ನು ಕಾಣದವರು ಅಂಕಿಅಂಶಗಳ ರಾಶಿಯಲ್ಲಿ ಕಳೆದುಹೋಗಬಹುದು. ಕ್ರಮವರಿತು ಓದಿದವರು ಮಾತ್ರ ಹೀಗೆ ಕೇಳಬಲ್ಲರು: 'ಇಂತಿಂತಹ ಮುಂಜಾಗ್ರತೆಗಳನ್ನು ಕೈಗೊಂಡರೆ ಹಾನಿಯು ಮಿತಿಯನ್ನು ಮೀರುವುದಿಲ್ಲ ಎಂಬುದು ಈ ವರದಿಯ ಪ್ರತಿಪಾದನೆ. ಆ ಮುಂಜಾಗ್ರತೆಗಳು ತಪ್ಪದೆ ನಡೆಯುತ್ತವೆಂಬ ನಂಬಿಕೆಗೆ ಆಧಾರವೇನು? ಗಾಳಿಯನ್ನೂ ಬಾವಿಯ ನೀರನ್ನೂ ಅಳೆದುದು ಮಳೆಗಾಲದಲ್ಲಿಯೋ, ಬೇಸಗೆಯಲ್ಲಿಯೋ?' ಹೀಗೆ ಕೇಳಿದವರಿಗೆ ಉತ್ತರ ಕೊಡದೆ ಇರುವುದು ಕಷ್ಟ. ಯೋಜನೆಯ ಪರವಾಗಿರುವವರಿಗೂ ವಿರೋಧಿಗಳಿಗೂ ಈ ಓದು ಸಮಾನವಾಗಿ ಅಗತ್ಯ. ವಿರೋಧಿಗಳ ಕರಪತ್ರವನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು.

ಬರೆದವನ ಮಾತನ್ನು ಮೊದಲು ನ್ಯಾಯವಾಗಿ ಕೇಳಿಸಿಕೊಳ್ಳುವುದು, ಅನಂತರ ನಿರ್ಭಯವಾಗಿ ಪರೀಕ್ಷಿಸುವುದು, ಕೊನೆಗೆ ತನ್ನ ನಿರ್ಣಯವನ್ನು ವಿನಯದಿಂದ ಹೇಳುವುದು: ತಾತ್ಪರ್ಯ ನಿರ್ಣಯದ ಪ್ರಬಂಧವು ಕಲಿಸುವುದು ಇದನ್ನು. ಕೇಳಿಸಿಕೊಳ್ಳದೆ ಪರೀಕ್ಷಿಸಹೊರಟರೆ ಅದು ಜಗಳವಾಗುತ್ತದೆ. ಪರೀಕ್ಷಿಸದೆ ಒಪ್ಪಿದರೆ ಅದು ದಾಸ್ಯವಾಗುತ್ತದೆ. ಅಕ್ಷರ ಕಲಿತವರು ಈ ಎರಡರಿಂದಲೂ ದೂರವಿರಬೇಕು. ವಿದ್ಯಾರ್ಥಿಗಳು ತಮ್ಮ ಪಠ್ಯಪುಸ್ತಕದ ಪಾಠಗಳಿಂದಲೇ ಈ ಅಭ್ಯಾಸವನ್ನು ಆರಂಭಿಸಬಹುದು. ಪಾಠವೊಂದನ್ನು ಓದಿ ಮುಗಿಸಿದೊಡನೆ ಪುಸ್ತಕವನ್ನು ಮುಚ್ಚಿಟ್ಟು, ಅದರ ಪ್ರತಿಪಾದನೆಯನ್ನು ಒಂದೇ ವಾಕ್ಯದಲ್ಲಿ ಬರೆಯಲು ಯತ್ನಿಸಬೇಕು. ಅದು ಮೊದಲ ಸಲಕ್ಕೆ ಸರಿಯಾಗಿ ಬಾರದಿದ್ದರೆ ಪುಸ್ತಕವನ್ನು ತೆರೆದು ಮತ್ತೊಮ್ಮೆ ಓದಬೇಕು.